ಯಂತ್ರದ ಎರಡನೆಯ ಬಾಳು: ಲಿಬರೇಟರ್ ವಿಮಾನಗಳ ಸಂರಕ್ಷಣೆಯನ್ನು ಕುರಿತು ಒಂದು ವಿಚಾರ

ಇತಿಹಾಸದ ಸಾಧನಗಳೆಂದರೆ ಶಾಸನ, ನಾಣ್ಯ, ಕಡತಗಳೆಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ಯಂತ್ರಕ್ಕೆ ಆ ಪಟ್ಟಿಯಲ್ಲಿ ಸ್ಥಾನ ದೊರೆಯುವುದು ವಿರಳ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಹಳೆಯ ಪಲ್ಪರು ಕೆಲಸಕ್ಕೆ ಬಾರದಾದಾಗ ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅದನ್ನು ವರ್ಷವರ್ಷವೂ ರಿಪೇರಿ ಮಾಡಿ ನಡೆಸಿದವರ ಹೆಸರು ಅದರೊಡನೆಯೇ ಅಳಿಯುತ್ತದೆ. ಸೇವೆಯಿಂದ ನಿವೃತ್ತವಾದ ಯುದ್ಧವಿಮಾನಗಳ ಗತಿಯೂ ಬಹುಮಟ್ಟಿಗೆ ಇದೇ. ಅಂಥವನ್ನು ಉಳಿಸಬೇಕೆನ್ನುವ ಆಸಕ್ತರಲ್ಲಿಯೂ ಒಮ್ಮತವಿಲ್ಲ. ವಿಮಾನವನ್ನು ಹಾರುವ ಸ್ಥಿತಿಗೆ ತರಬೇಕೆಂದು ಕೆಲವರು, ದೊರೆತ ಸ್ಥಿತಿಯಲ್ಲಿಯೇ ಕಾಪಾಡಬೇಕೆಂದು ಕೆಲವರು ವಾದಿಸುತ್ತಾರೆ. ಬೆಂಗಳೂರಿಗೆ ಸಂಬಂಧಿಸಿದ ಒಂದು ನಿದರ್ಶನದಿಂದ ಈ ವಾದವನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ವಾಲಚಂದ ಹೀರಾಚಂದರ ಉದ್ಯಮದಿಂದ, ಮೈಸೂರು ಸಂಸ್ಥಾನದ ನೆರವಿನೊಡನೆ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಅಮೆರಿಕದ ವಾಯುದಳದ ದುರಸ್ತಿ ಕೇಂದ್ರವಾಗಿ ಕೆಲಸಮಾಡಿತು. ಇಲ್ಲಿಯ ಕೆಲಸಗಾರರಿಗೆ ದೊಡ್ಡ ವಿಮಾನಗಳ ಒಳಹೊರಗು ಪರಿಚಯವಾದುದು ಆಗಲೇ.

ನಾಲ್ಕು ಎಂಜಿನ್ನುಗಳ ಬಿ-24 ಲಿಬರೇಟರ್ ಬಾಂಬರುಗಳು ಅಮೆರಿಕದಲ್ಲಿ 18,000ಕ್ಕೂ ಮಿಕ್ಕಿ ತಯಾರಾದವು. ಲೆಂಡ್-ಲೀಸ್ ಒಪ್ಪಂದದ ಮೇರೆಗೆ ಬ್ರಿಟಿಷ್ ವಾಯುದಳಕ್ಕೆ ದೊರೆತಿದ್ದ ಇಂಥ ಅನೇಕ ವಿಮಾನಗಳು ಯುದ್ಧಾನಂತರ ಕಾನ್ಪುರದಲ್ಲಿ ಉಳಿದುಹೋದವು. ಮತ್ತೆ ಯಾರ ಉಪಯೋಗಕ್ಕೂ ಬಾರದಿರಲೆಂದು ಅವನ್ನು ಬೇಕೆಂದೇ ಕೆಡಿಸಲಾಗಿತ್ತು. ಬಾಂಬರುಗಳ ಅಗತ್ಯವಿದ್ದ ಸ್ವತಂತ್ರ ಭಾರತವು ಈ ರಾಶಿಯತ್ತ ದೃಷ್ಟಿ ಹರಿಸಿತು. ಬೆಂಗಳೂರಿನ ಕಾರ್ಖಾನೆಯವರು ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ಅಲ್ಲಿಯೇ ಸರಿಪಡಿಸಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು ಪೂರ್ಣವಾಗಿ ದುರಸ್ತಿ ಮಾಡಿದರು. ಹೀಗೆ ಸುಮಾರು 40 ವಿಮಾನಗಳು ಪುನರ್ಜನ್ಮ ಪಡೆದವು. 1948ರ ನವೆಂಬರಿನಲ್ಲಿ ಭಾರತೀಯ ವಾಯುಸೇನೆಯ 5ನೆಯ ಸ್ಕ್ವಾಡ್ರನ್ ಇವುಗಳಿಂದಲೇ ರೂಪುಗೊಂಡಿತು. ಮುಂದೆ ಇವು ಸಮುದ್ರದ ಮೇಲಿನ ಕಾವಲಿಗೂ ಬಳಕೆಯಾಗಿ, 1968ರಲ್ಲಿ ನಿವೃತ್ತವಾದವು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಉಳಿದ ದೇಶಗಳಲ್ಲಿ ಯುದ್ಧ ಮುಗಿದೊಡನೆ ಲಿಬರೇಟರುಗಳಲ್ಲಿ ಬಹುಪಾಲು ಕರಗುವ ಕುಲುಮೆಗೆ ಸೇರಿದ್ದವು. ಆದುದರಿಂದ ಸಂಗ್ರಹಾಲಯಗಳು ಅವನ್ನು ಅರಸಿಕೊಂಡು ಭಾರತಕ್ಕೆ ಬರಬೇಕಾಯಿತು. ಕೆನಡಕ್ಕೆ 1968ರಲ್ಲಿ, ಅಮೆರಿಕದ ಅರಿಜೋನಕ್ಕೆ 1969ರಲ್ಲಿ, ಬ್ರಿಟನ್ನಿಗೆ 1974ರಲ್ಲಿ ಒಂದೊಂದು ಹೋಯಿತು. ದೆಹಲಿಯ ಪಾಲಮ್ ಸಂಗ್ರಹಾಲಯದಲ್ಲಿ ಒಂದು ಉಳಿದಿದೆ. ಇವನ್ನು ಕಾಪಾಡಿದ್ದು ಸಂರಕ್ಷಣೆಯ ಆದರ್ಶವಲ್ಲ. ಬಡ ರಾಷ್ಟ್ರದ ಅಗತ್ಯ ಮತ್ತು ಕುಶಲರ ದುಡಿಮೆ.

ಆದರೆ ಉಳಿದುದು ಯಾವ ಇತಿಹಾಸ? ಭಾರತದಿಂದ ಹೋದ ಇನ್ನೊಂದು ಲಿಬರೇಟರನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನವು ಅಪಾರ ಶ್ರಮದಿಂದ ಸಜ್ಜುಗೊಳಿಸಿ 1989ರಲ್ಲಿ ಮತ್ತೆ ಹಾರಿಸಿತು. ಅದಕ್ಕೆ ಬಳಿದದ್ದು ಅಮೆರಿಕದ ಯುದ್ಧಕಾಲದ ಬಣ್ಣ. ಆ ದೇಶದ ಯೋಧರ ಸ್ಮರಣೆಗಾಗಿ ಹಾಗೆ ಮಾಡಿದ್ದು ಸಹಜವೇ ಸರಿ. ಆದರೂ ಯುದ್ಧದಲ್ಲಿ ಕಳೆದ ಒಂದೆರಡು ವರ್ಷಗಳ ಚಿಹ್ನೆ ಮೇಲೆ ಬಂದು, ಭಾರತದಲ್ಲಿ ಕಳೆದ ಎರಡು ದಶಕಗಳ ಚಿಹ್ನೆ ಕೆಳಗೆ ಮರೆಯಾಯಿತೆಂಬುದನ್ನು ಚರಿತ್ರಕಾರನು ಮರೆಯಲಾಗದು. ಹಾರಿಸಬೇಕೆ, ನಿಲ್ಲಿಸಬೇಕೆ ಎಂಬ ಪ್ರಶ್ನೆಗಿಂತ, ಯಂತ್ರದ ಯಾವ ಬಾಳನ್ನು ಉಳಿಸುತ್ತಿದ್ದೇವೆ ಎಂಬ ಪ್ರಶ್ನೆಯೇ ಮೊದಲನೆಯದೆಂದು ನಮ್ಮ ಅಭಿಪ್ರಾಯ.

2001ರಲ್ಲಿ ಬೆಂಗಳೂರಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಸಂಗ್ರಹಾಲಯ ತೆರೆದ ಮೇಲೆ ಇಲ್ಲಿಯೇ ನಿರ್ಮಾಣವಾದ ಮಾರುತ್ ಮೊದಲಾದ ವಿಮಾನಗಳನ್ನು ನಮ್ಮ ವಿದ್ಯಾರ್ಥಿಗಳು ಕಣ್ಣಾರೆ ಕಾಣುವಂತಾಗಿದೆ. ಇದು ಸಂತೋಷದ ವಿಷಯ. ಆದರೆ ರೆಕ್ಕೆಯ ಅಳತೆಯನ್ನೂ ವೇಗವನ್ನೂ ತಿಳಿಸುವ ಫಲಕವೊಂದರಿಂದ ಅದನ್ನು ಕಟ್ಟಿದವರ ಇತಿಹಾಸ ತಿಳಿಯದು. ಲೋಹವು ಛಾವಣಿಯ ಕೆಳಗೆ ಬಹುಕಾಲ ಉಳಿದೀತು. ಕೈಗಾರಿಕೆಯ ನೆನಪು ಒಂದು ತಲೆಮಾರಿಗೇ ಮುಗಿಯುತ್ತದೆ.

ಈ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಹೊರದೇಶದಲ್ಲಿ ಎರಕಹೊಯ್ದ ಪಲ್ಪರನ್ನು ನಮ್ಮೂರಿನ ಕಮ್ಮಾರನು ಹೇಗೆ ನಡೆಸಿಕೊಂಡು ಬಂದನೆಂಬುದೂ ಇಂಥದೇ ಎರಡನೆಯ ಬಾಳಿನ ಕಥೆ. ಅದು ಗುಜರಿಯ ತಕ್ಕಡಿ ಏರುವ ಮೊದಲು ನಮ್ಮ ವಿದ್ಯಾರ್ಥಿಗಳು ಅಂಥವರನ್ನು ಕೇಳಿ ಬರೆದಿಟ್ಟರೆ, ಮುಂದಿನ ಇತಿಹಾಸಕಾರನಿಗೆ ಅದೇ ಆಕರವಾದೀತು.