ಮೊದಲ ತುತ್ತು ಯಾರದು?

1995ರ ಹೊತ್ತಿಗೆ ಇಡೀ ಆಪರೇಟಿಂಗ್ ಸಿಸ್ಟಮ್ ಒಂದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು ಸಾಮಾನ್ಯರ ಕೈಗೆಟುಕುವ ಮಾತಾಗಿರಲಿಲ್ಲ. ಲಿನಕ್ಸ್ ಬೇಕೆಂದವರು ಬಹುಮಟ್ಟಿಗೆ ಸೀಡಿ ಕೊಳ್ಳುತ್ತಿದ್ದರು. ಅಂಥ ಸೀಡಿಗಳನ್ನು ಮಾರುತ್ತಿದ್ದ ಇನ್ಫೋಮ್ಯಾಜಿಕ್ ಎಂಬ ಕಂಪನಿ ಆ ವರ್ಷ ‘ಡೆಬಿಯನ್ 1.0’ ಎಂಬ ಹೆಸರಿನಲ್ಲಿ ಒಂದು ಆವೃತ್ತಿಯನ್ನು ಹೊರತಂದಿತು. ತೊಂದರೆಯೆಂದರೆ, ಡೆಬಿಯನ್ 1.0 ಎಂಬುದು ಆಗ ಬಿಡುಗಡೆಯೇ ಆಗಿರಲಿಲ್ಲ. ಕಂಪನಿ ನಕಲು ಮಾಡಿಕೊಂಡದ್ದು ಇನ್ನೂ ಕೆಲಸ ನಡೆಯುತ್ತಿದ್ದ, ಪೂರ್ತಿಯಾಗಿ ಪರೀಕ್ಷೆಗೊಳಗಾಗದ ಕಡತಗಳನ್ನು. ಆ ಆವೃತ್ತಿ ಕೆಟ್ಟದ್ದೆಂದು ಡಿಸೆಂಬರ್ 11ರಂದು ಡೆಬಿಯನ್ ಮತ್ತು ಇನ್ಫೋಮ್ಯಾಜಿಕ್ ಜಂಟಿಯಾಗಿ ಪ್ರಕಟಿಸಬೇಕಾಯಿತು. ಡೆಬಿಯನ್ನಿನ ಇತಿಹಾಸದಲ್ಲಿ 1.0 ಎಂಬ ಜಾಗ ಇಂದಿಗೂ ಖಾಲಿ. 0.93 ಆದಮೇಲೆ ನೇರವಾಗಿ 1.1 ಬರುತ್ತದೆ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಖಾಲಿ ಜಾಗ ತುಂಬ ಕುತೂಹಲದ್ದಾಗಿ ಕಂಡಿದೆ. ಪರೀಕ್ಷಿಸದ ತಂತ್ರಾಂಶವನ್ನು ತಮ್ಮ ಕಂಪ್ಯೂಟರಿಗೆ ಹಾಕಿಕೊಳ್ಳುವ ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ಅದನ್ನು ಸಾಮಾನ್ಯವಾಗಿ ದುಡುಕುತನ ಎಂದು ತಳ್ಳಿಹಾಕುತ್ತೇವೆ. ಆದರೆ ಕಳೆದ ಮೂವತ್ತು ವರ್ಷಗಳ ಲಿನಕ್ಸ್ ಚರಿತ್ರೆಯನ್ನು ಓದುತ್ತ ಹೋದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಯಾರೂ ಮೊದಲು ಬಳಸದೆ ಒಂದು ತಂತ್ರಾಂಶ ‘ಪರೀಕ್ಷೆಯಾದದ್ದು’ ಆಗುವುದಾದರೂ ಹೇಗೆ? ಅಡುಗೆ ಎಲೆಗೆ ಬೀಳುವ ಮೊದಲು ಯಾರಾದರೊಬ್ಬರು ಅಂಗೈಗೆ ಹಾಕಿಕೊಂಡು ರುಚಿ ನೋಡಲೇಬೇಕಲ್ಲ.

ಸ್ವಲ್ಪ ಹಿನ್ನೆಲೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಎಂಬುದು ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು ಮಾತ್ರ. ಅದರ ಸುತ್ತ ನೂರಾರು ತಂತ್ರಾಂಶಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ ಜನರಿಗೆ ತಲುಪಿಸುವ ಕೆಲಸವನ್ನು ಬೇರೆಯವರು ಮಾಡಬೇಕಿತ್ತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಇದಕ್ಕಾಗಿ ಡೆಬಿಯನ್ ಯೋಜನೆಯನ್ನು ಘೋಷಿಸಿದರು. ಗೆಳತಿ ಡೆಬ್ರಾ ಹಾಗೂ ತಮ್ಮ ಹೆಸರು ಇಯಾನ್ ಎರಡನ್ನೂ ಕೂಡಿಸಿ ಕಟ್ಟಿದ ಹೆಸರು ಅದು. ಒಂದು ತಂತ್ರಾಂಶ, ಅದು ಯಾವ ಯಾವ ತಂತ್ರಾಂಶಗಳನ್ನು ಅವಲಂಬಿಸಿದೆ ಎಂಬ ಪಟ್ಟಿ, ಅದನ್ನು ಸ್ಥಾಪಿಸುವ ವಿಧಾನ ಇವೆಲ್ಲವನ್ನೂ ಒಂದೇ ಕಟ್ಟಿನಲ್ಲಿ ಇಟ್ಟರೆ ಅದು ‘ಪ್ಯಾಕೇಜ್’. ಪ್ರತಿ ಪ್ಯಾಕೇಜಿಗೂ ಹೊಣೆ ಹೊತ್ತ ಸ್ವಯಂಸೇವಕರು ಇರುತ್ತಾರೆ. 1996ರ ಜೂನ್‌ನಲ್ಲಿ ಬಂದ ಡೆಬಿಯನ್ 1.1ರಲ್ಲಿ ಇಂಥ 474 ಪ್ಯಾಕೇಜುಗಳಿದ್ದವು. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು.

ಸೀಡಿಯ ಆ ಪ್ರಸಂಗದಿಂದ ಡೆಬಿಯನ್ ಕಲಿತ ಪಾಠ ಸರಳವಾದದ್ದು: ಮುಗಿಯದ ಕೆಲಸಕ್ಕೆ ಮುಗಿದ ಕೆಲಸದ ಹೆಸರಿಡಬಾರದು. ಅಲ್ಲಿಂದ ಮುಂದೆ ತಯಾರಾಗುತ್ತಿರುವ ಆವೃತ್ತಿಗೆ ಸಂಖ್ಯೆಯ ಬದಲು ಒಂದು ಅಡ್ಡಹೆಸರು ಕೊಡುವ ರೂಢಿ ಬಂತು. ಆಗ ಯೋಜನೆಯ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಪಿಕ್ಸಾರ್ ಸ್ಟುಡಿಯೋದಲ್ಲಿ ಕೆಲಸದಲ್ಲಿದ್ದರು. ಪಿಕ್ಸಾರಿನ ‘ಟಾಯ್ ಸ್ಟೋರಿ’ ಸಿನಿಮಾ ಆಗಷ್ಟೇ ತೆರೆಕಂಡಿತ್ತು. ಹೀಗಾಗಿ ಆವೃತ್ತಿಗಳಿಗೆ ಆ ಸಿನಿಮಾದ ಗೊಂಬೆಗಳ ಹೆಸರು ಬಂತು: ಬಝ್, ರೆಕ್ಸ್, ಬೋ, ಹ್ಯಾಮ್, ಪೊಟೇಟೊ, ವುಡಿ. ಎಂದೂ ಬಿಡುಗಡೆಯಾಗದ, ಸದಾ ಕೆಲಸ ನಡೆಯುತ್ತಲೇ ಇರುವ ‘ಅನ್‌ಸ್ಟೇಬಲ್’ ವಿಭಾಗಕ್ಕೆ ಕಾಯಂ ಆಗಿ ಉಳಿದ ಹೆಸರು ಸಿಡ್. ಸಿನಿಮಾದಲ್ಲಿ ಸಿಡ್ ಎಂದರೆ ಪಕ್ಕದ ಮನೆಯ ಹುಡುಗ, ಗೊಂಬೆಗಳನ್ನು ಮುರಿದು ಹಾಕುವವನು. ಇದಕ್ಕಿಂತ ಪ್ರಾಮಾಣಿಕವಾದ ಎಚ್ಚರಿಕೆಯ ಫಲಕವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೆಸರೇನೋ ಸರಿಹೋಯಿತು, ಆದರೆ ಕಷ್ಟ ತೀರಲಿಲ್ಲ. ಅಸ್ಥಿರ ವಿಭಾಗದಲ್ಲಿದ್ದುದನ್ನೆಲ್ಲ ಒಂದು ದಿನ ತಡೆಹಿಡಿದು, ದೋಷಗಳನ್ನು ತಿಂಗಳುಗಟ್ಟಲೆ ತಿದ್ದಿ, ಆಮೇಲೆ ಬಿಡುಗಡೆ ಮಾಡಬೇಕಾಗುತ್ತಿತ್ತು. ಪ್ಯಾಕೇಜುಗಳು ಸಾವಿರ ದಾಟಿದ ಮೇಲೆ ಈ ಕ್ರಮ ಹೊರಲಾರದ ಹೊರೆಯಾಯಿತು. 2000ದ ಡಿಸೆಂಬರಿನಲ್ಲಿ ಅಸ್ಥಿರಕ್ಕೂ ಸ್ಥಿರಕ್ಕೂ ನಡುವೆ ‘ಟೆಸ್ಟಿಂಗ್’ ಎಂಬ ಮೂರನೆಯ ವಿಭಾಗ ಹುಟ್ಟಿಕೊಂಡಿತು. ಹೊಸ ಪ್ಯಾಕೇಜ್ ಮೊದಲು ಸಿಡ್‌ಗೆ ಬರುತ್ತದೆ. ಅದು ಎಷ್ಟು ತುರ್ತಿನದು ಎನ್ನುವುದರ ಮೇಲೆ ಹತ್ತು, ಐದು ಅಥವಾ ಎರಡು ದಿನ ಅಲ್ಲಿ ಕಾಯಬೇಕು. ಆ ಅವಧಿಯಲ್ಲಿ ಗಂಭೀರವಾದ ಹೊಸ ದೋಷದ ದೂರು ಬರಬಾರದು. ಅದು ಒಳಗೆ ಬಂದರೆ ಬೇರೆ ಪ್ಯಾಕೇಜುಗಳು ಮುರಿಯಬಾರದು. ಇಷ್ಟಾದರೆ ‘ಬ್ರಿಟ್ನಿ’ ಎಂಬ ಪ್ರೋಗ್ರಾಂ ಅದನ್ನು ತಾನಾಗಿ ಟೆಸ್ಟಿಂಗ್‌ಗೆ ದಾಟಿಸುತ್ತದೆ. 2002ರ ಜುಲೈನಲ್ಲಿ ಬಂದ ವುಡಿ, ಈ ದಾರಿಯಲ್ಲಿ ಸಾಗಿಬಂದ ಮೊದಲ ಸ್ಥಿರ ಆವೃತ್ತಿ.

ಈ ನಿಯಮವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಾಣುತ್ತದೆ. ಇಲ್ಲಿ ಯಂತ್ರ ಎಣಿಸುತ್ತಿರುವುದು ದಿನಗಳನ್ನು ಮತ್ತು ದೂರುಗಳನ್ನು. ಹತ್ತು ದಿನ ದೂರು ಬರಲಿಲ್ಲ ಎಂಬುದಕ್ಕೆ ಎರಡು ಅರ್ಥ ಸಾಧ್ಯ. ಹಲವರು ಬಳಸಿದರು, ಎಲ್ಲರಿಗೂ ಸರಿಯಾಗಿಯೇ ಇತ್ತು ಎನ್ನುವುದು ಒಂದು. ಯಾರೂ ಬಳಸಲೇ ಇಲ್ಲ, ಬಳಸಿದವರು ಗಮನಿಸಲಿಲ್ಲ ಎನ್ನುವುದು ಇನ್ನೊಂದು. ಬ್ರಿಟ್ನಿಗೆ ಈ ಎರಡು ಮೌನಗಳ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಅಂದರೆ ಇಡೀ ವ್ಯವಸ್ಥೆ, ಸಿಡ್ ಬಳಸುವ ಅಷ್ಟು ಜನರ ಕಣ್ಣು ತೆರೆದಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ಆ ನಂಬಿಕೆ ಒಮ್ಮೆ ದೊಡ್ಡದಾಗಿ ಮುರಿಯಿತು. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ತಂತ್ರಾಂಶದ ಮೇಲೆ ‘ವಾಲ್‌ಗ್ರೈಂಡ್’ ಎಂಬ ದೋಷ ಹುಡುಕುವ ಸಾಧನವನ್ನು ಓಡಿಸಿದಾಗ ಎಚ್ಚರಿಕೆಗಳು ಕಾಣಿಸಿಕೊಂಡವು. ಆ ಎಚ್ಚರಿಕೆ ಬಾರದಂತೆ ಡೆಬಿಯನ್ ಆವೃತ್ತಿಯಲ್ಲಿ ಒಂದೆರಡು ಸಾಲುಗಳನ್ನು ತೆಗೆದುಹಾಕಲಾಯಿತು. ಆದರೆ ಅದೇ ಸಾಲುಗಳು ಗುಪ್ತಕೀಲಿ ತಯಾರಿಸಲು ಬೇಕಾದ ಯಾದೃಚ್ಛಿಕತೆಯನ್ನು, ಅಂದರೆ ಯಾರೂ ಊಹಿಸಲಾಗದ ಗುಣವನ್ನು, ಒದಗಿಸುತ್ತಿದ್ದವು. ಉಳಿದದ್ದು ಆ ಕ್ಷಣದಲ್ಲಿ ಓಡುತ್ತಿದ್ದ ಪ್ರೋಗ್ರಾಮಿನ ಕ್ರಮಸಂಖ್ಯೆಯೊಂದೇ. ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಹುಟ್ಟಬೇಕಿದ್ದ ಕೀಲಿಗಳು, ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಗೆ 32,768ರ ಆಸುಪಾಸಿಗೆ ಇಳಿದವು. ಇಡೀ ಊರಿನ ಬೀಗಗಳಿಗೆ ಒಂದೇ ಗೊಂಚಲಿನ ಕೀಲಿಕೈ ಸಾಕು ಎಂಬಂತಾಯಿತು.

ಆ ಪ್ಯಾಕೇಜ್ 2006ರ ಸೆಪ್ಟೆಂಬರಿನಲ್ಲಿ ಸಿಡ್‌ಗೆ ಬಂತು. ನಿಯಮದಂತೆ ಕಾದು ಟೆಸ್ಟಿಂಗ್‌ಗೆ ದಾಟಿತು. 2007ರ ಏಪ್ರಿಲ್‌ನಲ್ಲಿ ‘ಎಚ್’ ಎಂಬ ಸ್ಥಿರ ಆವೃತ್ತಿಯ ಭಾಗವಾಯಿತು. ಡೆಬಿಯನ್ನನ್ನು ಆಧರಿಸಿದ ಉಬುಂಟುವಿಗೂ ಹೋಯಿತು. ಪ್ರೋಗ್ರಾಂ ಎಲ್ಲೂ ಕುಸಿಯಲಿಲ್ಲ, ಕೀಲಿಗಳು ಹುಟ್ಟುತ್ತಲೇ ಇದ್ದವು, ಬಾಗಿಲುಗಳು ತೆರೆಯುತ್ತಲೇ ಇದ್ದವು. ಲೂಸಿಯಾನೊ ಬೆಲ್ಲೊ ಕಂಡುಹಿಡಿದ ಈ ದೋಷವನ್ನು 2008ರ ಮೇ 13ರಂದು ಪ್ರಕಟಿಸಲಾಯಿತು. ಅಲ್ಲಿಯವರೆಗೆ ಸುಮಾರು ಇಪ್ಪತ್ತು ತಿಂಗಳು ‘ಪರೀಕ್ಷೆಯಾಗಿದೆ’ ಎಂಬ ಮುದ್ರೆಯ ಕೆಳಗೆ ಅದು ತಣ್ಣಗೆ ಕುಳಿತಿತ್ತು. ಇನ್ಫೋಮ್ಯಾಜಿಕ್ ಪ್ರಸಂಗದಲ್ಲಿ ತಪ್ಪು ಹೆಸರಿನಲ್ಲಿತ್ತು. ಇಲ್ಲಿ ಹೆಸರು, ಕ್ರಮ, ಅವಧಿ ಎಲ್ಲವೂ ಸರಿಯಾಗಿದ್ದವು.

ಇದಕ್ಕೆ ಎದುರಾಗಿ ಇಡಬೇಕಾದ ಇನ್ನೊಂದು ಘಟನೆ 2024ರ ಮಾರ್ಚ್ ತಿಂಗಳದ್ದು. ‘ಎಕ್ಸ್‌ಝೆಡ್’ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶ. ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ಒಬ್ಬರು, ಅಥವಾ ಒಂದು ಗುಂಪು, ಎರಡು ವರ್ಷಕ್ಕೂ ಮಿಕ್ಕಿ ಅದಕ್ಕಾಗಿ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಒಂದು ಹಿಂಬಾಗಿಲನ್ನು ಅಡಗಿಸಿಟ್ಟರು. ಅಡಗಿಸಿಟ್ಟ ಜಾಗ ಎಲ್ಲಿ ಗೊತ್ತೆ? ತಂತ್ರಾಂಶವನ್ನು ಪರೀಕ್ಷಿಸುವುದಕ್ಕೆಂದೇ ಇಟ್ಟಿದ್ದ ಮಾದರಿ ಕಡತಗಳಲ್ಲಿ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ವ್ಯವಸ್ಥೆಯೊಳಕ್ಕೆ ಕಳ್ಳದಾರಿ ತೆರೆಯುವುದು ಅದರ ಉದ್ದೇಶ. ಆ ಆವೃತ್ತಿಗಳು ಡೆಬಿಯನ್ನಿನ ಸಿಡ್ ಹಾಗೂ ಟೆಸ್ಟಿಂಗ್‌ಗೆ ಬಂದಿದ್ದವು. ಸ್ಥಿರ ಆವೃತ್ತಿಯನ್ನು ಇನ್ನೂ ಮುಟ್ಟಿರಲಿಲ್ಲ.

ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆಯನ್ನು ರೂಪಿಸುವವರಲ್ಲೊಬ್ಬರಾದ ಆಂಡ್ರೆಸ್ ಫ್ರೆಯುಂಡ್ ಆಗ ಸಿಡ್ ಹಾಕಿದ್ದ ಯಂತ್ರದಲ್ಲಿ ವೇಗದ ಅಳತೆ ಮಾಡುತ್ತಿದ್ದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ಕೆಲವು ವಾರಗಳ ಹಿಂದೆ ಪ್ಯಾಕೇಜುಗಳನ್ನು ನವೀಕರಿಸಿದ ಮೇಲೆ ವಾಲ್‌ಗ್ರೈಂಡ್ ವಿಚಿತ್ರವಾದ ದೂರೊಂದನ್ನು ಕೊಟ್ಟಿದ್ದೂ ನೆನಪಾಯಿತು. ಎಳೆ ಹಿಡಿದು ಹೋದರು. ಮಾರ್ಚ್ 29ರಂದು ಹಿಂಬಾಗಿಲಿನ ವಿಷಯ ಬಹಿರಂಗವಾಯಿತು, ಡೆಬಿಯನ್ ಕೂಡಲೇ ಹಳೆಯ ಸಂಕೇತಕ್ಕೆ ಮರಳಿತು. ಇನ್ನು ಕೆಲವು ತಿಂಗಳು ತಡವಾಗಿದ್ದರೆ ಅದು ಹಲವು ಸ್ಥಿರ ಆವೃತ್ತಿಗಳ ಮೂಲಕ ಜಗತ್ತಿನ ಅಸಂಖ್ಯ ಸರ್ವರುಗಳ ಒಳಗೆ ಕುಳಿತಿರುತ್ತಿತ್ತು.

ಎರಡೂ ಕತೆಗಳಲ್ಲಿ ವಾಲ್‌ಗ್ರೈಂಡ್ ಇರುವುದನ್ನು ಗಮನಿಸಬೇಕು. ಮೊದಲನೆಯದರಲ್ಲಿ ಅದರ ಎಚ್ಚರಿಕೆಯನ್ನು ಸದ್ದಡಗಿಸಬೇಕಾದ ಕಿರಿಕಿರಿ ಎಂದು ನೋಡಲಾಯಿತು. ಎರಡನೆಯದರಲ್ಲಿ ಅದನ್ನೊಂದು ಸುಳಿವಾಗಿ ನೆನಪಿಟ್ಟುಕೊಳ್ಳಲಾಯಿತು. ಸಾಧನ ಒಂದೇ, ವಿಭಾಗವೂ ಒಂದೇ. ಒಂದು ಪ್ಯಾಕೇಜ್ ಎಷ್ಟು ದಿನ ಕಾದಿದೆ ಎನ್ನುವುದಕ್ಕಿಂತ, ಆ ದಿನಗಳಲ್ಲಿ ಅದನ್ನು ಬಳಸಿದವರು ಹೇಗೆ ಬಳಸಿದರು ಎನ್ನುವುದೇ ಪರೀಕ್ಷೆಯ ತಿರುಳು ಎಂದು ನನಗೆ ಅನ್ನಿಸುತ್ತದೆ. ಪ್ಯಾಕೇಜಿನ ಭಂಡಾರಕ್ಕೆ ಹಾಕುವ ಡಿಜಿಟಲ್ ಸಹಿ ಅದು ಎಲ್ಲಿಂದ ಬಂತು ಎಂಬುದನ್ನು ಹೇಳುತ್ತದೆ, ಅದರೊಳಗೆ ಏನಿದೆ ಎಂಬುದನ್ನಲ್ಲ. ಎಕ್ಸ್‌ಝೆಡ್ ಪ್ರಕರಣದಲ್ಲಿ ಕೆಟ್ಟ ಸಂಕೇತ ಬಂದದ್ದು ಅಧಿಕೃತ ದಾರಿಯಿಂದಲೇ.

ಹಾಗೆಂದು ಎಲ್ಲರೂ ಸಿಡ್ ಹಾಕಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಪ್ಯಾಕೇಜ್ ಸ್ಥಾಪನೆಯಾಗುವಾಗ ಅದರ ಜೊತೆಗಿರುವ ಸೂಚನೆಗಳು ಯಂತ್ರದ ಮೇಲೆ ಪೂರ್ಣ ಅಧಿಕಾರದೊಂದಿಗೆ ಓಡುತ್ತವೆ. ಮನೆಯ ಕೀಲಿಯನ್ನೇ ಕೊಟ್ಟಂತೆ. ಇನ್ನೂ ಅಪಾಯದ್ದು, ಸ್ಥಿರ ವ್ಯವಸ್ಥೆಯ ಮೇಲೆ ಸಿಡ್‌ನ ಒಂದೆರಡು ಪ್ಯಾಕೇಜುಗಳನ್ನು ತಂದು ಬೆರೆಸುವುದು. ಬೇಕಾದ ಒಂದರ ಹಿಂದೆ ಅದು ಅವಲಂಬಿಸಿದ ಹತ್ತು ಬರುತ್ತವೆ. ಕೊನೆಗೆ ಅತ್ತ ಸ್ಥಿರವೂ ಅಲ್ಲದ, ಇತ್ತ ಸಿಡ್ಡೂ ಅಲ್ಲದ ಯಂತ್ರ ಉಳಿಯುತ್ತದೆ. ಡೆಬಿಯನ್ ಬಳಗ ಇದಕ್ಕೆ ‘ಫ್ರಾಂಕನ್‌ಡೆಬಿಯನ್’ ಎಂದು ಹೆಸರಿಟ್ಟು, ಹಾಗೆ ಮಾಡಬೇಡಿ ಎನ್ನುತ್ತದೆ. ಅಲ್ಲಿ ದೋಷ ಕಂಡರೂ ಅದು ಯಾರದೆಂದು ಹೇಳಲಾಗದು. ಹಾಗಾಗಿ ಆ ಪರೀಕ್ಷೆಯಿಂದ ಇತರರಿಗೂ ಉಪಯೋಗವಿಲ್ಲ. ಮುಖ್ಯ ಕೆಲಸವಿಲ್ಲದ ಬೇರೊಂದು ಯಂತ್ರ ಅಥವಾ ವರ್ಚುವಲ್ ಯಂತ್ರ, ದತ್ತಾಂಶದ ಬ್ಯಾಕಪ್, ಸ್ಥಾಪಿಸುವ ಮೊದಲೇ ಗೊತ್ತಿರುವ ದೋಷಗಳನ್ನು ತೋರಿಸುವ ‘ಎಪಿಟಿ-ಲಿಸ್ಟ್‌ಬಗ್ಸ್’, ಕಂಡ ದೋಷವನ್ನು ತಿಳಿಸುವ ‘ರಿಪೋರ್ಟ್‌ಬಗ್’ ಇಷ್ಟು ಇದ್ದರೆ ದುಡುಕುತನ ಕೆಲಸವಾಗಿ ಬದಲಾಗುತ್ತದೆ.

ಈ ಕೆಲಸ ಕನ್ನಡದವರಿಗೆ ದೂರದ್ದೂ ಅಲ್ಲ. ಡೆಬಿಯನ್ನಿನ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳ ಪ್ಯಾಕೇಜುಗಳಿವೆ. ಅವು ನಡೆದು ಬಂದದ್ದೂ ಸಿಡ್‌ನ ಬಾಗಿಲಿನಿಂದಲೇ. ‘ಅರ್ಥ’ದ ಅರ್ಕಾವೊತ್ತು ಎಲ್ಲಿ ಕೂರಬೇಕು, ‘ಸ್ತ್ರೀ’ಯ ಎರಡು ಒತ್ತುಗಳು ಹೇಗೆ ಜೋಡಿಯಾಗಬೇಕು ಎಂಬುದನ್ನು ಫಾಂಟಿನೊಂದಿಗೆ ಸೇರಿ ನಿರ್ಧರಿಸುವ ‘ಹಾರ್ಫ್‌ಬಝ್’ ತಂತ್ರಾಂಶವೂ ಅಲ್ಲಿಂದಲೇ ಬರುತ್ತದೆ. ಹೊಸ ಆವೃತ್ತಿಯೊಂದರಲ್ಲಿ ಒಂದು ಒತ್ತಕ್ಷರ ಜಾರಿದರೆ ಪ್ರೋಗ್ರಾಂ ಕುಸಿಯುವುದಿಲ್ಲ, ದೋಷಸಂದೇಶ ಬರುವುದಿಲ್ಲ. ಬರ್ಲಿನ್ನಿನಲ್ಲೋ ಬಾಸ್ಟನ್ನಿನಲ್ಲೋ ಸಿಡ್ ಬಳಸುವವರಿಗೆ ಅದು ಕಾಣುವುದೂ ಇಲ್ಲ. ಹತ್ತು ದಿನದ ಆ ಮೌನವನ್ನು ಬ್ರಿಟ್ನಿ ಒಪ್ಪಿಗೆ ಎಂದೇ ಓದಿಕೊಳ್ಳುತ್ತದೆ. ಆ ಮೌನವನ್ನು ಮುರಿಯಬಲ್ಲವರು ಕನ್ನಡ ಓದಬಲ್ಲವರು ಮಾತ್ರ. ನಮ್ಮಲ್ಲಿ ಹತ್ತು ಜನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಡ್ ಹಾಕಿ, ದಿನಕ್ಕೊಂದು ಪುಟ ಕನ್ನಡ ಓದಿದರೂ ಆ ಹತ್ತು ದಿನಗಳಿಗೆ ಅರ್ಥ ಬರುತ್ತದೆ.