ಕೇದಾರದ ದ್ವಾರೋದ್ಘಾಟನವೂ ವಸಂತದ ಹಿಮವೂ

ಕನ್ನಡದಲ್ಲಿ ‘ಹಿಮಪಾತ’ವೆಂಬ ಒಂದೇ ಶಬ್ದವು ಆಕಾಶದಿಂದ ಹಿಮವು ಸುರಿಯುವುದಕ್ಕೂ, ಬೆಟ್ಟದ ಇಳಿಜಾರಿನಲ್ಲಿ ನೆಲೆಗೊಂಡ ಹಿಮರಾಶಿಯು ಜಾರಿ ಉರುಳುವುದಕ್ಕೂ ಸಲ್ಲುತ್ತಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಮೊದಲಾದ ಹತ್ತು ಮಂದಿ ಯೋಧರನ್ನು ಹೂಳಿದುದು ಎರಡನೆಯ ಬಗೆಯದು. ಹಿಮ ಬೀಳದ ನಾಡಿನ ನುಡಿಯಲ್ಲಿ ಈ ಭೇದವು ಮೂಡದಿದ್ದುದು ಸಹಜವೇ. ಆದರೂ ಹಿಮವಂತದೊಡನೆ ಕನ್ನಡಿಗರ ಸಂಬಂಧವು ಹಳೆಯದು. ವೀರಶೈವರ ಪಂಚಪೀಠಗಳಲ್ಲೊಂದಾದ ಕೇದಾರದ ರಾವಲರು ಪರಂಪರೆಯಿಂದ ಕರ್ಣಾಟಕ ಮೂಲದ ಜಂಗಮರು.

ಚಳಿಗಾಲದಲ್ಲಿ ಕೇದಾರನಾಥದ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಕೆಳಗಣ ಊಖೀಮಠಕ್ಕೆ ತರುವರು. ಮತ್ತೆ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಅಲ್ಲಿಯೇ ಪಂಚಾಂಗದಂತೆ ಗೊತ್ತುಮಾಡುವುದು ಪದ್ಧತಿ. ಆ ದಿನವು 2023ರಲ್ಲಿ ಏಪ್ರಿಲ್ 25, 2024ರಲ್ಲಿ ಮೇ 10, 2025ರಲ್ಲಿ ಮೇ 2. ತಿಥಿಯು ಹೀಗೆ ಹಿಂದುಮುಂದಾಗುವುದು ಚಂದ್ರನ ಗತಿಯಿಂದ. ಹಿಮವು ಸಡಿಲುವುದು ಸೂರ್ಯನ ತಾಪದಿಂದ. ದಿನವು ನಿಶ್ಚಯವಾದ ಮೇಲೆಯೂ ಎರಡು ತಿಂಗಳು ಹಿಮ ಬೀಳಬಹುದು.

ಚಳಿಗಾಲದ ಹಿಮವು ಪದರ ಪದರವಾಗಿ ನಿಲ್ಲುವುದು. ಅವುಗಳಲ್ಲಿ ಕೆಲವು ಗಟ್ಟಿ, ಕೆಲವು ದುರ್ಬಲ. ವಸಂತದ ಬಿಸಿಲಿಗೆ ಮೇಲ್ಪದರವು ಕರಗಿ, ನೀರು ಒಳಕ್ಕಿಳಿದು, ಕಣಗಳ ಬಂಧವನ್ನು ಸಡಿಲಿಸುತ್ತದೆ. ಇರುಳಿನಲ್ಲಿ ಅದು ಮರಳಿ ಹೆಪ್ಪುಗಟ್ಟುವುದರಿಂದ ಮುಂಜಾವಿನಲ್ಲಿ ಭದ್ರವಾಗಿರುವ ಇಳಿಜಾರು ಮಧ್ಯಾಹ್ನಕ್ಕೆ ಅಪಾಯಕಾರಿಯಾಗುವುದುಂಟು.

ಪದ್ಧತಿಯು ಹಳೆಯದಾದರೂ ದಾರಿ ಹಳೆಯದಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. 2013ರ ಜೂನ್ ತಿಂಗಳ ಪ್ರವಾಹದಲ್ಲಿ ರಾಮಬಾಡಾದ ಮೇಲಣ ಹಾದಿಯು ಕೊಚ್ಚಿಹೋಯಿತು. ಅನಂತರ ಮಂದಾಕಿನಿಯ ಎದುರು ದಡದಲ್ಲಿ ನಿರ್ಮಿತವಾದ ಮಾರ್ಗವು, ಹಿಮವು ಜಾರಿ ಬರುವ ಭೈರವ, ಕುಬೇರ ಎಂಬ ಕಮರಿಗಳನ್ನು ಹಾಯ್ದು ಹೋಗುತ್ತದೆ. 2023ರಲ್ಲಿ ಬಾಗಿಲು ತೆರೆದ ಕೆಲವೇ ದಿನಗಳಲ್ಲಿ ಅಲ್ಲಿ ಹಿಮವು ಕುಸಿದು ಯಾತ್ರೆಗೆ ತಡೆಯಾಯಿತು. ಹಿಂದಿನವರು ಪ್ರತಿವರ್ಷವೂ ನಡೆದು ಅರಿತುಕೊಂಡಿದ್ದ ಇಳಿಜಾರುಗಳು ಬೇರೆ, ಇಂದಿನ ಯಾತ್ರಿಕರು ಹಾಯುವ ಇಳಿಜಾರುಗಳು ಬೇರೆ.

ಆದಕಾರಣ ಬಾಗಿಲು ತೆರೆಯುವ ದಿನವನ್ನು ಪಂಚಾಂಗಕ್ಕೆ ಬಿಟ್ಟರೂ, ದಾರಿ ತೆರೆಯುವ ದಿನವನ್ನು ಹಿಮದ ಪರೀಕ್ಷೆಯಿಂದಲೇ ನಿರ್ಣಯಿಸುವುದು ಯುಕ್ತ. ಬೆಂಗಳೂರಿನ ಮತ್ತಿಕೆರೆಗೆ ನೆರೆಯಾದ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಹಿಮಾಲಯದ ಹಿಮನದಿಗಳ ಅಧ್ಯಯನವು ನಡೆದಿದೆ. ಅಂತಹ ಅರಿವನ್ನು ಯಾತ್ರಿಕನಿಗೆ ಮುಟ್ಟಿಸಬೇಕಾದರೆ, ಬೀಳುವ ಹಿಮಕ್ಕೆ ‘ಹಿಮಪಾತ’ವೆಂದೂ ಜಾರುವ ಹಿಮಕ್ಕೆ ‘ಹಿಮಕುಸಿತ’ವೆಂದೂ ಬಳಕೆಯನ್ನು ಬೇರ್ಪಡಿಸುವುದು ಮೊದಲ ಕೆಲಸ.