ಕತ್ತಿನ ಕಪ್ಪು ಕೊಳೆಯಲ್ಲ

ಹದಿಹರೆಯದ ಹುಡುಗಿಯ ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪವಾದರೆ ಸರಗೂರು, ಕೋಟೆ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು, ‘ಸರಿಯಾಗಿ ಉಜ್ಜಿ ಸ್ನಾನ ಮಾಡು’. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಕೊಳೆಯಲ್ಲ. ಬಹಳ ಸಲ ಅದು ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿರುವುದರ ಗುರುತು. ಹೆಚ್ಚಾದ ಇನ್ಸುಲಿನ್ ಚರ್ಮದ ಕೋಶಗಳನ್ನು ಬೆಳೆಯುವಂತೆ ಕೆಣಕುತ್ತದೆ.

ಇನ್ಸುಲಿನ್ ಇದ್ದೂ ಸಕ್ಕರೆ ಇಳಿಯದ ರೋಗಿಗಳಿದ್ದಾರೆ ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದರು. ಏಕೆ ಎಂಬುದು ಆಗ ತಿಳಿಯಲಿಲ್ಲ. ಇನ್ಸುಲಿನ್ ಕೋಶದ ಮೇಲ್ಮೈಯಲ್ಲಿ ಬಂದು ಕೂರುವ ನಿರ್ದಿಷ್ಟ ಜಾಗವನ್ನು, ಅಂದರೆ ರಿಸೆಪ್ಟರನ್ನು, ಅಮೆರಿಕದಲ್ಲಿ ಫ್ರೇಶೆ, ರಾತ್, ನೆವಿಲ್ 1971ರ ಹೊತ್ತಿಗೆ ಗುರುತಿಸಿದರು. 1976ರಲ್ಲಿ ರೊನಾಲ್ಡ್ ಕಾನ್ ಮತ್ತು ಸಂಗಡಿಗರು ಇದೇ ಕತ್ತಿನ ಕಪ್ಪು ಇದ್ದ ಆರು ರೋಗಿಗಳನ್ನು ವರದಿ ಮಾಡಿದರು. ಅವರ ಕೋಶಗಳಿಗೆ ಇನ್ಸುಲಿನ್ ಸರಿಯಾಗಿ ಅಂಟುತ್ತಿರಲಿಲ್ಲ.

ಕಬಿನಿ ನಾಲೆಯ ನೀರುಂಡವರಿಗೆ ಇದನ್ನು ಹೀಗೆ ಹೇಳಬಹುದು. ಇನ್ಸುಲಿನ್ ನೀರು ಬಿಡಲು ಬಂದ ಆದೇಶ, ರಿಸೆಪ್ಟರ್ ನಾಲೆಯ ತೂಬು. ಆದೇಶ ಬಂದಾಗ ರಿಸೆಪ್ಟರಿನ ಒಳಭಾಗ ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಚುರುಕಾಗುತ್ತದೆ. ಇದು 1982ರಲ್ಲಿ ತಿಳಿಯಿತು. ಅಲ್ಲಿಂದ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸುದ್ದಿ ಹರಿದು, ಕೊನೆಗೆ ಸ್ನಾಯುಕೋಶ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. 1985ರಲ್ಲಿ ರಿಸೆಪ್ಟರಿನ ಜೀನ್ ಓದಿದ್ದಾಯಿತು. 1988ರಲ್ಲಿ ಎರಡು ತಂಡಗಳು ಅದರಲ್ಲಿ ಮ್ಯುಟೇಶನ್‌ಗಳನ್ನು ಕಂಡವು. ಕೆಲವು ಮ್ಯುಟೇಶನ್‌ಗಳಿಂದ ತೂಬು ತಯಾರಾಗುವುದೇ ಇಲ್ಲ. ಕೆಲವರಲ್ಲಿ ತಯಾರಾದರೂ ಕೋಶದ ಮೇಲ್ಮೈಗೆ ಬರುವುದಿಲ್ಲ, ಇನ್ನು ಕೆಲವರಲ್ಲಿ ಬಂದರೂ ಫಾಸ್ಫೇಟ್ ಅಂಟುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಡಾನಹ್ಯೂ ಸಿಂಡ್ರೋಮಿನ ಮಕ್ಕಳು ಹೆಚ್ಚಾಗಿ ಎಳೆತನದಲ್ಲೇ ತೀರಿಕೊಳ್ಳುತ್ತವೆ.

ಹಾಗಾದರೆ ಎಲ್ಲರ ಸಕ್ಕರೆ ಕಾಯಿಲೆಗೂ ಇದೇ ಕಾರಣವೇ? ಹುಡುಕಿದರು. ಸಾಮಾನ್ಯ ರೋಗಿಗಳಲ್ಲಿ ಇಂಥ ಮ್ಯುಟೇಶನ್ ಸಿಕ್ಕಿದ್ದು ತೀರಾ ಅಪರೂಪ. ಅವರಲ್ಲಿ ತೂಬು ಸರಿಯಿದೆ, ಹೂಳು ತುಂಬಿರುವುದು ಮುಂದಿನ ಕಾಲುವೆಯಲ್ಲಿ. ಲಿವರ್ ಮತ್ತು ಸ್ನಾಯುಗಳಲ್ಲಿ ಕೊಬ್ಬು ಸೇರಿದಂತೆ ಸುದ್ದಿ ಮಂಕಾಗುತ್ತದೆ.

ಆ ಹೂಳು ಯಾವಾಗಿನಿಂದ ತುಂಬುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುಂಡು ನಮ್ಮ ಜಿಲ್ಲೆಯಲ್ಲೇ ಸಿಕ್ಕಿತು. ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹೆರಿಗೆ ದಾಖಲೆಗಳಲ್ಲಿ 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಬರೆದವರಿಗೆ ಮುಂದೊಂದು ದಿನ ಅದು ಯಾರಿಗೆ ಬೇಕಾದೀತು ಎಂಬ ಎಣಿಕೆ ಇದ್ದಿರಲಾರದು. ತೊಂಬತ್ತರ ದಶಕದಲ್ಲಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಹಾಗೆ ಹುಟ್ಟಿ, ನಡುವಯಸ್ಸಿಗೆ ಬಂದಿದ್ದ 506 ಜನರನ್ನು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಆಗಲೇ ಗೊತ್ತಿತ್ತು. ಮೈಸೂರಿನಲ್ಲಿ ಹಾಗೆ ಕಾಣಲಿಲ್ಲ. ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಕಾಯಿಲೆ ಹೆಚ್ಚಿತ್ತು. ಬಸುರಿನಲ್ಲಿ ತಾಯಿಯ ಸಕ್ಕರೆ ಏರಿತ್ತೇ ಎಂಬ ಅನುಮಾನ ಅಲ್ಲಿಂದ ಹುಟ್ಟಿತು. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷ ವರ್ಷ ಗಮನಿಸಿದರು. ಬಸುರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ, ಒಂಬತ್ತು ಹತ್ತು ವರ್ಷಕ್ಕೇ, ಕೊಬ್ಬೂ ಇನ್ಸುಲಿನ್‌ಗೆ ಜಗ್ಗದ ಗುಣವೂ ಹೆಚ್ಚಾಗಿದ್ದವು.

‘ನಮ್ಮ ವಂಶದಲ್ಲೇ ಇದೆ, ಏನು ಮಾಡೋದು’ ಎನ್ನುವವರಿಗೆ ಈ ಚರಿತ್ರೆ ಅರ್ಧ ಹೌದು, ಅರ್ಧ ಅಲ್ಲ ಎನ್ನುತ್ತದೆ. ಮುರಿದ ತೂಬನ್ನು ಸರಿಮಾಡಲು ನಮಗೆ ಇನ್ನೂ ಬಾರದು. ಹೂಳನ್ನು ಮಾತ್ರ ಊಟ, ನಡಿಗೆ, ಬಸುರಿನ ಹೊತ್ತಿನ ಒಂದು ರಕ್ತಪರೀಕ್ಷೆಯಿಂದ ಬಹುಮಟ್ಟಿಗೆ ತಡೆಯಬಹುದು. ಹಾಗಾಗಿ ಕತ್ತು ಕಪ್ಪಾದ ಹುಡುಗಿಯ ಕೈಗೆ ಉಜ್ಜುವ ಕಲ್ಲು ಕೊಡುವ ಬದಲು, ಬೈಯದೆ, ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.